ನೆರಳೂ ಒಂದು ಅಳತೆ: ಸೂರ್ಯ ಗಡಿಯಾರ ಮಾಡಿ ಮಾರುವ ಸಣ್ಣ ಕಸುಬು

ಪುಣೆಯಲ್ಲಿ ಪರಿಚಯದವರೊಬ್ಬರ ಮನೆ ಅಂಗಳದಲ್ಲಿ ಹಿತ್ತಾಳೆಯ ಸೂರ್ಯ ಗಡಿಯಾರ ಇದೆ. ಸೊಂಟದೆತ್ತರದ ಕಂಬ, ಅದರ ಮೇಲೆ ದುಂಡು ತಟ್ಟೆ, ಸುತ್ತಲೂ ರೋಮನ್ ಅಂಕಿ, ನಡುವೆ ತ್ರಿಕೋನದ ಪಟ್ಟಿ. "ನೋಡೋಕೆ ಚೆನ್ನಾಗಿದೆ, ಟೈಮ್ ಮಾತ್ರ ಸರಿ ತೋರಿಸಲ್ಲ. ಕೆಟ್ಟು ಹೋಗಿರಬೇಕು" ಅಂದರು ಮನೆಯವರು. ಸೂರ್ಯ ಗಡಿಯಾರ ಕೆಡೋದು ಹೇಗೆ? ಅದರಲ್ಲಿ ಓಡೋ ಭಾಗವೇ ಇಲ್ಲ. ಕೋನಮಾಪಕ ಇಟ್ಟು ನೋಡಿದೆ. ಪಟ್ಟಿಯ ಓರೆ ಅಂಚು 51 ಡಿಗ್ರಿ ದಾಟಿತ್ತು. ಅದು ಲಂಡನ್ನಿನ ಅಕ್ಷಾಂಶ. ಪುಣೆಯದು ಹದಿನೆಂಟೂವರೆ. ಅಂದರೆ ಗಡಿಯಾರ ಕೆಟ್ಟಿರಲಿಲ್ಲ, ಬೇರೆ ಊರಿನ ಆಕಾಶಕ್ಕೆ ಹೊಲಿದ ಅಂಗಿಯನ್ನು ಇಲ್ಲಿ ತೊಡಿಸಿದ್ದರು ಅಷ್ಟೇ.

ಕೈಯಲ್ಲಿ ಕಲ್ಲು, ಲೋಹ ಅಥವಾ ಮರದ ಕೆಲಸ ಇರುವವರಿಗೆ ಒಂದು ಸಣ್ಣ ಕಸುಬಿನ ಬಾಗಿಲು ತೆರೆಯೋದು ಇಲ್ಲೇ. ಗೋಡೆ ಗಡಿಯಾರವನ್ನು ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ಮಾಡಿ ಎಲ್ಲ ಊರಿಗೂ ಮಾರಬಹುದು. ಸೂರ್ಯ ಗಡಿಯಾರವನ್ನು ಹಾಗೆ ಮಾರಿದರೆ ಅದು ಸುಳ್ಳು ಹೇಳುತ್ತೆ. ಪ್ರತಿಯೊಂದನ್ನೂ ಅದು ನಿಲ್ಲುವ ಜಾಗಕ್ಕೇ ಲೆಕ್ಕ ಹಾಕಿ ಮಾಡಬೇಕು. ಹಾಗಾಗಿ ದೊಡ್ಡ ಕಾರ್ಖಾನೆಗಿಂತ ಇಬ್ಬರು ಕೂತು ಮಾಡುವ ಸಣ್ಣ ವರ್ಕ್‌ಶಾಪಿಗೆ ಇದು ಹೇಳಿ ಮಾಡಿಸಿದ ಕೆಲಸ. ಆದರೆ ಇಲ್ಲೊಂದು ಹೊಣೆಯೂ ಇದೆ. ನೀವು ಮಾರುತ್ತಿರೋದು ಬರೀ ಅಲಂಕಾರದ ಸಾಮಾನಲ್ಲ, ಒಂದು ಅಳತೆ. ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಸೂರಾ ಇದೆ, 83ನೆಯ ಅಲ್ ಮುತಫ್ಫಿಫೀನ್. ತಕ್ಕಡಿ ಹಿಡಿಯುವವನಿಗೆ ಅನ್ವಯಿಸುವ ಮಾತು ನೆರಳಿನ ಗೆರೆ ಕೊರೆಯುವವನಿಗೂ ಅನ್ವಯಿಸುತ್ತೆ.

ಮೊಬೈಲ್ ಇರುವಾಗ ಇದನ್ನು ಯಾರು ಕೊಳ್ಳುತ್ತಾರೆ?

ಟೈಮ್ ಗೊತ್ತಾಗಲಿ ಅಂತ ಯಾರೂ ಕೊಳ್ಳಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡೋದು ಒಳ್ಳೆಯದು. ಭೂಗೋಳ ಪಾಠಕ್ಕೆ ಅಂಗಳದಲ್ಲಿ ಒಂದಿರಲಿ ಎನ್ನುವ ಶಾಲೆ, ಹೊಸ ಮನೆಗೆ ತೋಟ ಮಾಡಿಸುವವರು, ವಾಸ್ತುಶಿಲ್ಪಿಗಳು, ನಿವೃತ್ತಿಯಾಗುವ ಮೇಷ್ಟ್ರಿಗೆ ಉಡುಗೊರೆ ಹುಡುಕುವ ಶಿಷ್ಯರು, ತೀರಿಕೊಂಡವರ ನೆನಪಿಗೆ ಉದ್ಯಾನದಲ್ಲಿ ಏನಾದರೂ ಇಡಬೇಕೆನ್ನುವವರು — ಗಿರಾಕಿಗಳು ಇಂಥವರು. ಸಂಖ್ಯೆ ಕಮ್ಮಿ. ತಿಂಗಳಿಗೆ ಒಂದೆರಡು ಆರ್ಡರ್ ಬಂದರೆ ಅದೇ ದೊಡ್ಡದು. ಆದ್ದರಿಂದ ಇರುವ ಕೆಲಸ ಬಿಟ್ಟು ಇದಕ್ಕೆ ಇಳಿಯಬೇಡಿ, ಇರುವ ಕೆಲಸದ ಜೊತೆಗೆ ಶುರು ಮಾಡಿ.

ನಮ್ಮವರಿಗೆ ಇನ್ನೊಂದು ಗಿರಾಕಿಯೂ ಇದೆ: ಮಸೀದಿ. ಝುಹರ್ ಮತ್ತು ಅಸರ್‌ನ ಹೊತ್ತು ಮೂಲದಲ್ಲಿ ಗಂಟೆ ನಿಮಿಷದಲ್ಲಿಲ್ಲ, ನೆರಳಿನಲ್ಲಿದೆ. ಸೂರ್ಯ ನೆತ್ತಿಯ ಗೆರೆ ದಾಟಿ ವಾಲಿದ ಮೇಲೆ, ಅಂದರೆ ಝವಾಲ್ ಆದ ಮೇಲೆ ಝುಹರ್. ಕೋಲಿನ ನೆರಳು, ನಟ್ಟ ನಡು ಮಧ್ಯಾಹ್ನದ ನೆರಳಿಗಿಂತ ಒಂದು ಕೋಲಿನುದ್ದ ಹೆಚ್ಚಾದಾಗ ಶಾಫಿಈಗಳ ಅಸರ್ ಶುರು. ಎರಡು ಕೋಲಿನುದ್ದ ಹೆಚ್ಚಾದಾಗ ಹನಫಿಗಳದು. ಇದಕ್ಕಾಗಿಯೇ ದೊಡ್ಡ ಮಸೀದಿಗಳಲ್ಲಿ ಮುವಕ್ಕಿತ್ ಅನ್ನುವ ಹುದ್ದೆ ಇತ್ತು, ಸಮಯ ಲೆಕ್ಕ ಹಾಕುವ ಖಗೋಳಜ್ಞನ ಹುದ್ದೆ. ಡಮಾಸ್ಕಸಿನ ಉಮಯ್ಯಾ ಮಸೀದಿಯಲ್ಲಿ ಮುವಕ್ಕಿತ್ ಆಗಿದ್ದ ಇಬ್ನ್ ಅಲ್ ಶಾತಿರ್ 1371ರ ಹೊತ್ತಿಗೆ ಅಲ್ಲಿನ ಮಿನಾರಕ್ಕಾಗಿ ಸುಮಾರು ಎರಡು ಮೀಟರ್ ಅಗಲದ ಅಮೃತಶಿಲೆಯ ಸೂರ್ಯ ಗಡಿಯಾರ ಮಾಡಿದ. ಅದರ ಶಂಕು ಭೂಮಿಯ ಅಕ್ಷಕ್ಕೆ ಸಮಾನಾಂತರ. ನಾವು ಈಗ ಮಾಡಬೇಕಾದ್ದೂ ಅದೇ.

ಲೆಕ್ಕ ಮೊದಲು, ಉಳಿ ಆಮೇಲೆ

ನೆರಳು ಬೀಳಿಸುವ ಪಟ್ಟಿಗೆ ಶಂಕು ಅನ್ನೋಣ. ಅದರ ಓರೆ ಅಂಚು ನಿಜವಾದ ಉತ್ತರಕ್ಕೆ ಮುಖ ಮಾಡಿ, ಆ ಊರಿನ ಅಕ್ಷಾಂಶದಷ್ಟೇ ಕೋನದಲ್ಲಿ ಮೇಲೇಳಬೇಕು. ಮುಂಬೈಯಲ್ಲಿ 19 ಡಿಗ್ರಿ, ಹೈದರಾಬಾದಿನಲ್ಲಿ 17.4, ಚೆನ್ನೈಯಲ್ಲಿ 13, ದೆಹಲಿಯಲ್ಲಿ 28.6.

ಮಟ್ಟವಾದ ತಟ್ಟೆಯ ಮೇಲೆ ಗಂಟೆಯ ಗೆರೆಗಳು ಸಮಾನ ದೂರದಲ್ಲಿ ಇರಲ್ಲ. ಹೊಸಬರು ಮೊದಲು ಎಡವೋದು ಇಲ್ಲೇ. ಸೂತ್ರ ಸುಲಭ: ಮಧ್ಯಾಹ್ನದಿಂದ ಎಷ್ಟು ಗಂಟೆ ದೂರವೋ ಅದನ್ನು 15ರಿಂದ ಗುಣಿಸಿ, ಆ ಕೋನದ ಟ್ಯಾನ್ ತೆಗೆದು, ಅಕ್ಷಾಂಶದ ಸೈನ್‌ನಿಂದ ಗುಣಿಸಿ. ಬಂದ ಸಂಖ್ಯೆ ಯಾವ ಕೋನದ ಟ್ಯಾನ್ ಆಗಿದೆಯೋ ಅದೇ ಗೆರೆಯ ಕೋನ. ಮುಂಬೈಗೆ ಲೆಕ್ಕ ಹಾಕಿದರೆ ಮಧ್ಯಾಹ್ನದ ಗೆರೆಯಿಂದ ಒಂದು ಗಂಟೆಯ ಗೆರೆ 5 ಡಿಗ್ರಿ, ಎರಡರದು 10.7, ಮೂರರದು 18.1, ನಾಲ್ಕರದು 29.5, ಐದರದು 50.6, ಆರರದು 90. ದೆಹಲಿಯಲ್ಲಿ ಒಂದು ಗಂಟೆಯ ಗೆರೆ 7.3 ಡಿಗ್ರಿಗೆ ಬರುತ್ತೆ, ಚೆನ್ನೈಯಲ್ಲಿ ಬರೀ 3.5ಕ್ಕೆ.

ಇದರಿಂದ ಒಂದು ವಿಷಯ ಅರ್ಥ ಆಗುತ್ತೆ. ದಕ್ಷಿಣಕ್ಕೆ ಹೋದಷ್ಟೂ ಮಧ್ಯಾಹ್ನದ ಸುತ್ತಲಿನ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಓದೋದು ಕಷ್ಟ. ಯುರೋಪಿನ ಪುಸ್ತಕಗಳಲ್ಲಿ ಚೆಂದ ಕಾಣುವ ಮಟ್ಟ ತಟ್ಟೆ ಚೆನ್ನೈ, ಬೆಂಗಳೂರು, ಮಂಗಳೂರಿಗೆ ಅಷ್ಟಾಗಿ ಹೊಂದಲ್ಲ. ಅಲ್ಲಿಗೆ ಅರ್ಧ ಬಳೆಯಂಥ ಪಟ್ಟಿಯ ಗಡಿಯಾರ ಮೇಲು. ಅಕ್ಷಕ್ಕೆ ಸಮಾನಾಂತರವಾಗಿ ಒಂದು ಸರಳು, ಅದರ ಸುತ್ತ ಅರ್ಧ ವೃತ್ತದ ಪಟ್ಟಿ, ಪಟ್ಟಿಯ ಒಳಮುಖದಲ್ಲಿ ಗೆರೆ. ಇದರಲ್ಲಿ ಪ್ರತಿ ಗಂಟೆಗೂ ಸರಿಯಾಗಿ 15 ಡಿಗ್ರಿ, ಯಾವ ಊರಿಗೂ ಅದೇ ಪಟ್ಟಿ ನಡೆಯುತ್ತೆ, ವಾಲಿಸುವ ಕೋನ ಮಾತ್ರ ಬೇರೆ. ಸಣ್ಣ ವರ್ಕ್‌ಶಾಪಿಗೆ ಇದು ಉಳಿತಾಯದ ದಾರಿಯೂ ಹೌದು.

ಗೋಡೆಗೆ ಹಾಕಿಕೊಡಿ ಅಂತ ಕೇಳುವವರೂ ಇರುತ್ತಾರೆ. ದೆಹಲಿಯ ದಕ್ಷಿಣ ಗೋಡೆಗೆ ಮಧ್ಯಾಹ್ನ ವರ್ಷವಿಡೀ ಬಿಸಿಲು ಬೀಳುತ್ತೆ. ಮುಂಬೈಯಲ್ಲಿ ಹಾಗಲ್ಲ. ಮೇ ಮಧ್ಯದಲ್ಲಿ ಸೂರ್ಯ ನೆತ್ತಿಗೆ ಬಂದು ಉತ್ತರಕ್ಕೆ ದಾಟುತ್ತಾನೆ, ಜುಲೈ ಕೊನೆಯ ಹೊತ್ತಿಗೆ ಮರಳುತ್ತಾನೆ. ಆ ನಡುವೆ ದಕ್ಷಿಣ ಗೋಡೆಗೆ ಮಧ್ಯಾಹ್ನದ ಬಿಸಿಲೇ ಇಲ್ಲ. ಚೆನ್ನೈ, ಬೆಂಗಳೂರಿನಲ್ಲಿ ಈ ಅವಧಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ, ಅಂದರೆ ಇನ್ನೂ ಉದ್ದ. ಇದನ್ನು ಗಿರಾಕಿಗೆ ಮೊದಲೇ ಹೇಳದೆ ಹಣ ತಗೊಂಡರೆ ಅದೂ ಕಮ್ಮಿ ತೂಕವೇ.

ಕೈಗಡಿಯಾರದ ಜೊತೆ ಯಾಕೆ ಜಗಳ?

ಗಡಿಯಾರ ಸರಿಯಾಗಿ ಕೂರಿಸಿದ ಮೇಲೂ ಗಿರಾಕಿ ಫೋನ್ ಮಾಡಿ "ಅರ್ಧ ಗಂಟೆ ಹಿಂದಿದೆಯಲ್ಲ" ಅನ್ನೋದು ಖಚಿತ. ಕಾರಣ ಎರಡು.

ಮೊದಲನೆಯದು ರೇಖಾಂಶ. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ರೇಖಾಂಶದ ಸೂರ್ಯನನ್ನು ಅನುಸರಿಸುತ್ತವೆ. ಅದರಿಂದ ಪಶ್ಚಿಮಕ್ಕೆ ಪ್ರತಿ ಡಿಗ್ರಿಗೆ ಸೂರ್ಯ 4 ನಿಮಿಷ ತಡ. ಮುಂಬೈಗೆ ಸುಮಾರು ಮೂವತ್ತೆಂಟೂವರೆ ನಿಮಿಷ, ಪುಣೆಗೆ ಮೂವತ್ತನಾಲ್ಕೂವರೆ, ದೆಹಲಿಗೆ 21, ಹೈದರಾಬಾದಿಗೆ 16, ಚೆನ್ನೈಗೆ 9. ಎರಡನೆಯದು ಸೂರ್ಯನದೇ ಏರಿಳಿತ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅಕ್ಷವೂ ವಾಲಿದೆ. ಹಾಗಾಗಿ ಫೆಬ್ರುವರಿ 11ರ ಸುಮಾರಿಗೆ ಸೂರ್ಯ ಗಡಿಯಾರ 14 ನಿಮಿಷ ಹಿಂದೆ ಬೀಳುತ್ತೆ, ನವೆಂಬರ್ 3ರ ಸುಮಾರಿಗೆ 16 ನಿಮಿಷ ಮುಂದೆ ಓಡುತ್ತೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸಿನಲ್ಲಿ ಈ ವ್ಯತ್ಯಾಸ ಸೊನ್ನೆ. ಎರಡನ್ನೂ ಕೂಡಿಸಿದರೆ ಮುಂಬೈಯಲ್ಲಿ ಸೂರ್ಯನ ನಿಜವಾದ ಮಧ್ಯಾಹ್ನ ನವೆಂಬರ್ ಮೊದಲ ವಾರ 12.22ಕ್ಕೆ, ಫೆಬ್ರುವರಿಯಲ್ಲಿ 12.53ಕ್ಕೆ. ಚೆನ್ನೈಯಲ್ಲಂತೂ ನವೆಂಬರಿನಲ್ಲಿ 12 ಹೊಡೆಯುವ ಮೊದಲೇ ಮಧ್ಯಾಹ್ನ ಆಗಿರುತ್ತೆ.

ರೇಖಾಂಶದ ವ್ಯತ್ಯಾಸವನ್ನು ಗೆರೆಗಳಲ್ಲೇ ಸೇರಿಸಿ ಕೊರೆಯಬಹುದು. ಶಾಲೆಗೆ, ತೋಟಕ್ಕೆ ಅದು ಸರಿ. ಮಸೀದಿಗೆ ಬೇಡ. ಅಲ್ಲಿ ನಟ್ಟ ನಡು ಗೆರೆ ಝವಾಲ್‌ನ ಗೆರೆಯಾಗಿ ಉಳಿಯಬೇಕು. ಎರಡನೆಯ ವ್ಯತ್ಯಾಸಕ್ಕೆ ತಿಂಗಳವಾರು ಸಣ್ಣ ಪಟ್ಟಿ ಕೊರೆದು ಪಕ್ಕದಲ್ಲಿ ಕೂರಿಸಿ. ಆ ಪಟ್ಟಿ ಇಲ್ಲದ ಗಡಿಯಾರ ಕೊಡಲೇಬೇಡಿ.

ನಿಖರತೆಯ ಬಗ್ಗೆಯೂ ಹೆಚ್ಚು ಕೊಚ್ಚಿಕೊಳ್ಳಬಾರದು. ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ಅಂಚು ಮಸುಕಾಗಿರುತ್ತೆ. ಶಂಕುವಿನ ಅಂಚು 30 ಸೆಂಟಿಮೀಟರ್ ದೂರವಿದ್ದರೆ ಮಸುಕಿನ ಅಗಲವೇ ಸುಮಾರು 3 ಮಿಲಿಮೀಟರ್. ಮನೆಯಂಗಳದ ಗಡಿಯಾರ ಒಂದೆರಡು ನಿಮಿಷದ ಒಳಗೆ ಸರಿ ಇದ್ದರೆ ಅದು ಒಳ್ಳೆಯ ಕೆಲಸ.

ಮಸೀದಿಗೆ ಮಾಡುವಾಗ

ಮೊದಲು ಕೇಳಬೇಕಾದ್ದು: ಯಾವ ಅಸರ್? ನಮ್ಮ ಕರಾವಳಿಯವರು ಹೆಚ್ಚಾಗಿ ಶಾಫಿಈಗಳು, ಬಯಲುಸೀಮೆಯವರು ಹೆಚ್ಚಾಗಿ ಹನಫಿಗಳು, ಮುಂಬೈಯಲ್ಲಿ ಎರಡೂ ಅಕ್ಕಪಕ್ಕ. ಒಂದೇ ತಟ್ಟೆಯ ಮೇಲೆ ಎರಡು ಗೆರೆಯನ್ನೂ ಕೊರೆಯಬಹುದು. ಮುಂಬೈಯಲ್ಲಿ 10 ಸೆಂಟಿಮೀಟರ್ ಕೋಲು ನಿಲ್ಲಿಸಿ ನೋಡಿ. ಡಿಸೆಂಬರ್ 22ರ ಮಧ್ಯಾಹ್ನ ನೆರಳು 9.2 ಸೆಂಟಿಮೀಟರ್. ನೆರಳು 19.2 ಆದಾಗ ಶಾಫಿಈ ಅಸರ್, 29.2 ಆದಾಗ ಹನಫಿ ಅಸರ್. ಮೇ ಮಧ್ಯದಲ್ಲಿ ಮಧ್ಯಾಹ್ನದ ನೆರಳು ಸೊನ್ನೆ, ಹಾಗಾಗಿ 10 ಮತ್ತು 20. ಹೀಗೆ ವರ್ಷದ ಬೇರೆ ಬೇರೆ ದಿನಗಳ ಬಿಂದುಗಳನ್ನು ಸೇರಿಸಿದರೆ ಅಸರ್‌ನ ಬಾಗುಗೆರೆ ಸಿಗುತ್ತೆ. ಇದಕ್ಕೆ ನೆರಳಿನ ದಿಕ್ಕಿನ ಜೊತೆ ಉದ್ದವೂ ಬೇಕು, ಆದ್ದರಿಂದ ನೆಟ್ಟಗೆ ನಿಂತ ಸಣ್ಣ ಕೋಲೊಂದನ್ನು ಬೇರೆಯಾಗಿಯೇ ಕೂರಿಸೋದು ಸುಲಭ.

ಕಿಬ್ಲಾ ಗೆರೆಯನ್ನೂ ಕೇಳುತ್ತಾರೆ. "ಪಶ್ಚಿಮ ತಾನೇ" ಅಂತ ಅಂದಾಜಿಗೆ ಹಾಕಬೇಡಿ. ಮುಂಬೈಯಿಂದ ಕಅಬಾ ಪಶ್ಚಿಮದಿಂದ ಸುಮಾರು 10 ಡಿಗ್ರಿ ಉತ್ತರಕ್ಕೆ, ಚೆನ್ನೈಯಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ. ದೆಹಲಿಯಿಂದ ಮೂರೂವರೆ ಡಿಗ್ರಿಯಷ್ಟು ದಕ್ಷಿಣಕ್ಕೆ. ಪರೀಕ್ಷೆಗೆ ಒಳ್ಳೆಯ ದಿನವೂ ಇದೆ. ಮೇ 27-28ರ ಸುಮಾರಿಗೆ ಸೂರ್ಯ ಕಅಬಾದ ನೆತ್ತಿಯ ಮೇಲೆ ಬರುತ್ತಾನೆ, ನಮ್ಮ ಗಡಿಯಾರದಲ್ಲಿ ಆಗ ಮಧ್ಯಾಹ್ನ 2.48. ಆ ಕ್ಷಣ ನೆಟ್ಟಗಿನ ಕೋಲಿನ ನೆರಳಿನ ತುದಿಯಿಂದ ಬುಡದ ಕಡೆ ನೋಡಿದರೆ ಅದೇ ಕಿಬ್ಲಾ. ಜುಲೈ 15-16ರಲ್ಲೂ 2.57ಕ್ಕೆ ಹೀಗಾಗುತ್ತೆ, ಆದರೆ ಮುಂಬೈಯ ಜುಲೈಯಲ್ಲಿ ಬಿಸಿಲು ಹುಡುಕಬೇಕಷ್ಟೇ.

ಕಮಿಟಿಯವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಇದು ನಮಾಜಿನ ವೇಳಾಪಟ್ಟಿಗೆ ಬದಲಿ ಅಲ್ಲ. ಮೋಡದ ದಿನ ಇದು ಮೂಕ, ಫಜ್ರ್ ಮತ್ತು ಇಶಾಗೆ ಇದು ಬರಲ್ಲ. ಮಕ್ಕಳು ಬಂದು ನಿಂತು, ಅಸರ್ ಅಂದರೆ ಏನು ಅಂತ ಕಣ್ಣಾರೆ ನೋಡಲಿ, ಅದಕ್ಕಾಗಿ. ನೆಲಮಟ್ಟದ ಗಡಿಯಾರವಾದರೆ ಅದರ ಮೇಲೆ ಆಯತ್ ಕೊರೆಯಬೇಡಿ, ಕಾಲು ಬೀಳುವ ಜಾಗ.

ಉತ್ತರ ಹುಡುಕೋದು

ಲೆಕ್ಕ ಎಷ್ಟೇ ಸರಿ ಇದ್ದರೂ ಕೂರಿಸುವಾಗ ದಿಕ್ಕು ತಪ್ಪಿದರೆ ಎಲ್ಲ ವ್ಯರ್ಥ. ಮೊಬೈಲಿನ ಕಂಪಾಸ್ ನಂಬಬೇಡಿ. ಆರ್‌ಸಿಸಿ ಟೆರೇಸಿನೊಳಗಿನ ಕಬ್ಬಿಣ ಸಾಕು ಅದನ್ನು ಹಲವು ಡಿಗ್ರಿ ತಿರುಗಿಸೋಕೆ. ಹಳೆಯ ದಾರಿಯೇ ಸರಿ. ನೀರುಮಟ್ಟ ನೋಡಿದ ಜಾಗದಲ್ಲಿ ಕೋಲು ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನೇ ಕೇಂದ್ರವಾಗಿಟ್ಟು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದ ಒಳಗೆ ಬರುವ ಜಾಗಕ್ಕೊಂದು ಗುರುತು, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗಕ್ಕೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ, ಅದಕ್ಕೆ ಲಂಬ ಎಳೆದರೆ ಉತ್ತರ-ದಕ್ಷಿಣ. ನಮ್ಮ ಶುಲ್ಬಸೂತ್ರಗಳಲ್ಲಿ, ಸೂರ್ಯಸಿದ್ಧಾಂತದಲ್ಲಿ ಈ ವಿಧಾನ ಇದೆ. ಅರಬ್ ಖಗೋಳಜ್ಞರು ಇದನ್ನು ಕರೆದದ್ದೇ 'ಅದ್ದಾಇರತುಲ್ ಹಿಂದಿಯ್ಯ', ಅಂದರೆ ಹಿಂದೂಸ್ತಾನದ ವೃತ್ತ ಅಂತ. ಕಲಿತದ್ದು ಯಾರಿಂದ ಅನ್ನೋದನ್ನು ಹೆಸರಿನಲ್ಲೇ ಉಳಿಸಿಕೊಂಡರು. ನಾವು ಕೂಡ ಗಿರಾಕಿಗೆ ಈ ಕಥೆ ಹೇಳಿಯೇ ಕೆಲಸ ಶುರು ಮಾಡಬಹುದು.

ಜಾಗ ನೋಡೋಕೆ ಎರಡು ಸಲ ಹೋಗಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಗರದಲ್ಲಿ ಪಕ್ಕದ ಬಿಲ್ಡಿಂಗಿನ ನೆರಳು ದಿನದ ಅರ್ಧ ಬಿಸಿಲು ತಿಂದಿರುತ್ತೆ. ಬಿಸಿಲು ನಾಲ್ಕು ಗಂಟೆಗಿಂತ ಕಮ್ಮಿ ಇದ್ದರೆ ಬೇಡ ಅಂತ ಹೇಳಿ ಬನ್ನಿ.

ಕಲ್ಲು, ಲೋಹ, ಬೆಲೆ

ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಮುಂಬೈ, ಪುಣೆ, ಹೈದರಾಬಾದಿನ ನೆಲಗಳಲ್ಲೆಲ್ಲ ಇದೆ. ನಮಗದು ಊರಿನ ನೆನಪು. ಪೀಠಕ್ಕೆ ಅದು ಚೆನ್ನಾಗಿದೆ, ಆದರೆ ಪದರ ಪದರವಾಗಿ ಬರುವ ಕಲ್ಲಾದ್ದರಿಂದ ಸಣ್ಣ ಗೆರೆ ಕೊರೆಯೋಕೆ ಗ್ರಾನೈಟೇ ವಾಸಿ. ಗೋರಿಕಲ್ಲು, ನಾಮಫಲಕ ಕೊರೆಯುವವರ ಹತ್ತಿರ ಇದಕ್ಕೆ ಬೇಕಾದ ಸಲಕರಣೆ, ಕೈಚಳಕ ಎರಡೂ ಇರುತ್ತೆ. ಲೆಕ್ಕ ನಿಮ್ಮದು, ಕೊರೆಯೋದು ಅವರದು ಅಂತ ಪಾಲುದಾರಿಕೆ ಮಾಡಿಕೊಂಡರೆ ಮೊದಲ ವರ್ಷ ಯಂತ್ರ ಕೊಳ್ಳೋದೇ ಬೇಡ. ಶಂಕುವಿಗೆ ಸ್ಟೀಲ್ ಆದರೆ, ಸಮುದ್ರದ ಗಾಳಿ ಇರುವ ಊರಿನಲ್ಲಿ 304ರ ಬದಲು 316 ದರ್ಜೆ ಹಾಕಿ. ಹಿತ್ತಾಳೆ ಕಪ್ಪಾಗುತ್ತೆ, ಹಸಿರಾಗುತ್ತೆ, ಇದನ್ನೂ ಮೊದಲೇ ಹೇಳಿ. 13 ಅಥವಾ 19 ಡಿಗ್ರಿಯ ಶಂಕು ತಗ್ಗಾಗಿರುತ್ತೆ, ನೆಲಮಟ್ಟದಲ್ಲಿ ಮಕ್ಕಳು ಎಡವುತ್ತಾರೆ. ತುದಿಯನ್ನು ಮೊಂಡು ಮಾಡಿ.

ಬೆಲೆ ಹೇಗೆ ಹಾಕೋದು? ಲೆಕ್ಕದ ಕ್ರಮ ತೋರಿಸಲು ಒಂದು ಉದಾಹರಣೆ, ಇದು ಮಾರುಕಟ್ಟೆ ದರ ಅಲ್ಲ. ಕಲ್ಲು ಮತ್ತು ಕಟಿಂಗ್ 3,500, ಸ್ಟೀಲ್ 2,000, ಕೊರೆತ 3,000, ಎರಡು ಸಲ ಓಡಾಟ 1,000, ಸಾಗಣೆ ಮತ್ತು ಕೂರಿಸೋದು 2,500. ಒಟ್ಟು 12,000. ಇಷ್ಟಕ್ಕೆ ನಿಲ್ಲಿಸಿ ಮೇಲೆ ಎರಡು ಸಾವಿರ ಸೇರಿಸಿದರೆ ನಿಮ್ಮ ಕೂಲಿ ಹೋಯಿತು. ನಿಮ್ಮ ನಾಲ್ಕು ದಿನಕ್ಕೆ 1,200ರಂತೆ 4,800, ಒಡೆದು ಹಾಳಾಗುವ ಕಲ್ಲಿಗೆ ಶೇಕಡಾ 10ರಂತೆ 1,200. ಈಗ 18,000. ಲಾಭ ಇದರ ಮೇಲೆ. ನೆಂಟರಿಗೂ ಸ್ನೇಹಿತರಿಗೂ ಇದೇ ಲೆಕ್ಕ ತೋರಿಸಿ, ರಿಯಾಯಿತಿ ಕೊಡೋದಾದರೆ ಲಾಭದಲ್ಲಿ ಕೊಡಿ, ಕೂಲಿಯಲ್ಲಿ ಬೇಡ.

ಹೇಳಿ ಮಾಡಿಸುವ ವಸ್ತುವಿನ ಒಪ್ಪಂದಕ್ಕೆ ಫಿಕ್ಹ್‌ನಲ್ಲಿ ಇಸ್ತಿಸ್ನಾ ಅಂತ ಹೆಸರಿದೆ. ಯಾವ ವಸ್ತು, ಯಾವ ಅಳತೆ, ಎಷ್ಟು ಬೆಲೆ, ಎಲ್ಲ ಮೊದಲೇ ಖಚಿತವಾಗಿರಬೇಕು. ಹೇಳಿದಂತೆ ಇಲ್ಲದಿದ್ದರೆ ಗಿರಾಕಿಗೆ ಬೇಡ ಅನ್ನುವ ಹಕ್ಕಿದೆ. ಹನಫಿ ಫಿಕ್ಹ್ ಪ್ರಕಾರ ಹಣವನ್ನು ಕಂತುಗಳಲ್ಲಿ ತಗೊಳ್ಳಬಹುದು. ಶಾಫಿಈಗಳಲ್ಲಿ ಇದನ್ನು ಸಲಮ್ ನಿಯಮದಡಿ ನೋಡುತ್ತಾರೆ, ಅಲ್ಲಿ ಪೂರ್ತಿ ಬೆಲೆ ಮೊದಲೇ ಸಲ್ಲಬೇಕು. ನಿಮ್ಮ ಆಲಿಮರಲ್ಲಿ ಕೇಳಿಕೊಳ್ಳಿ. ಯಾವುದೇ ರೀತಿಯಾದರೂ ಮುಂಗಡ ಸಿಗುವುದರಿಂದ ಬಡ್ಡಿ ಸಾಲ ಇಲ್ಲದೆ ಶುರು ಮಾಡಬಹುದಾದ ಕಸುಬು ಇದು. ಒಪ್ಪಂದದ ಕಾಗದದಲ್ಲಿ ಜಾಗದ ಅಕ್ಷಾಂಶ, ರೇಖಾಂಶ ಬರೆಯಿರಿ. "ಈ ಗಡಿಯಾರ ಈ ಜಾಗಕ್ಕೆ ಮಾತ್ರ" ಅನ್ನುವ ಸಾಲು ಇರಲಿ.

ಸರ್ಕಾರಿ ಕಾಗದಗಳಲ್ಲಿ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಹಣ ಕೇಳುವ ಏಜೆಂಟರು ಬೇಡ. ಜಿಎಸ್‌ಟಿಯ ವಿಷಯದಲ್ಲಿ ಸಣ್ಣ ವಹಿವಾಟಿಗೆ ವಿನಾಯಿತಿ ಇದ್ದರೂ ಬೇರೆ ರಾಜ್ಯಕ್ಕೆ ಸರಕು ಕಳಿಸುವವರಿಗೆ ನಿಯಮ ಬೇರೆ, ಮೊದಲ ಆರ್ಡರ್ ಕಳಿಸುವ ಮುಂಚೆ ಲೆಕ್ಕಿಗರನ್ನು ಕೇಳಿ.

ಮೊದಲ ಗಡಿಯಾರ ನಿಮ್ಮ ಮನೆಗೇ

ಮಾರುವ ಮೊದಲು ಒಂದನ್ನು ನಿಮ್ಮ ಟೆರೇಸಿನಲ್ಲಿ ಕೂರಿಸಿ. ರಟ್ಟಿನದೇ ಆಗಲಿ. ಅಕ್ಟೋಬರಿನಿಂದ ಮೇವರೆಗೆ ವಾರಕ್ಕೆರಡು ದಿನ ನೆರಳು ತೋರಿಸಿದ್ದು, ಕೈಗಡಿಯಾರ ಹೇಳಿದ್ದು, ಲೆಕ್ಕದ ತಿದ್ದುಪಡಿ, ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಜಾಹೀರಾತಿಗಿಂತ ಆ ನೋಟ್‌ಬುಕ್ ಹೆಚ್ಚು ಕೆಲಸ ಮಾಡುತ್ತೆ. ಗಿರಾಕಿ ಕೇಳಿದಾಗ ಬಾಯಿಮಾತು ಬೇಡ, ಅದನ್ನೇ ಬಿಡಿಸಿ ತೋರಿಸಿ.

ಪುಣೆಯ ಆ ಮನೆಯವರು ಕೊನೆಗೆ, "ಇದನ್ನ ತೆಗೆದು ಹೊಸದು ಮಾಡಿಕೊಡ್ತೀರಾ?" ಅಂತ ಕೇಳಿದರು. ಹೂಂ ಅನ್ನಬಹುದಿತ್ತು, ಒಳ್ಳೆಯ ಆರ್ಡರ್. ಆದರೆ ಲಂಡನ್ನಿನ ಗಡಿಯಾರಕ್ಕೆ ಪುಣೆಯಲ್ಲೂ ಒಂದು ದಾರಿ ಇದೆ. ತಟ್ಟೆಯನ್ನು ಉತ್ತರದ ಕಡೆಗೆ 33 ಡಿಗ್ರಿ ಇಳಿಜಾರಾಗಿ ಕೂರಿಸಿದರೆ ಶಂಕು ಹದಿನೆಂಟೂವರೆ ಡಿಗ್ರಿಗೆ ಬಂದು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತೆ, ಗೆರೆಗಳೆಲ್ಲ ತಾವಾಗಿ ಸರಿಯಾಗುತ್ತವೆ. ಚಳಿಗಾಲದ ಬೆಳಗಿನ ಮತ್ತು ಸಂಜೆಯ ಒಂದೆರಡು ಗಂಟೆ ಮಾತ್ರ ಅದರ ಮೇಲೆ ಬಿಸಿಲು ಬೀಳಲ್ಲ. ಬೇಕಾದ್ದು ಒಂದು ಬೆಣೆಯಾಕಾರದ ಕಲ್ಲು ಮತ್ತು ಪುಣೆಯ ತಿದ್ದುಪಡಿ ಪಟ್ಟಿ. ಅದನ್ನೇ ಹೇಳಿದೆ. ಕಲ್ಲಿನ ದುಡ್ಡು, ಒಂದು ದಿನದ ಕೂಲಿ ಸಿಕ್ಕಿತು.

ಅವರು ಈಗಲೂ ಅದರ ಪಕ್ಕ ನಿಂತು ಕೈಗಡಿಯಾರ ನೋಡಿ, ಪಟ್ಟಿ ನೋಡಿ, ಕೂಡಿಸಿ ಕಳೆದು ಲೆಕ್ಕ ಹಾಕುತ್ತಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ನನ್ನ ಮುಂದಿನ ಎರಡು ಆರ್ಡರ್‌ಗಳು ಬಂದದ್ದು ಆ ಅಂಗಳದಿಂದಲೇ.